ಪಿರಂಗಿ ದತ್ತೂರಿ: ಹೆಸರು, ಔಷಧ, ವಿಷ

ಗ್ರಂಥದಲ್ಲಿ ಕಾಣುವ ಮೂಲಿಕೆಯ ಹೆಸರಿಗೂ ಹೊಲದಲ್ಲಿ ಕಾಣುವ ಗಿಡಕ್ಕೂ ಇರುವ ಸಂಬಂಧವನ್ನು ನಿಶ್ಚಯಿಸುವುದು ವೈದ್ಯನಿಗೆ ಎಷ್ಟು ಅವಶ್ಯವೋ ಸಾಹಿತ್ಯದ ವಿದ್ಯಾರ್ಥಿಗೂ ಅಷ್ಟೇ ಅವಶ್ಯ. ಹೆಸರು ಒಂದೇ ಆಗಿ ವಸ್ತು ಬೇರೆಯಾದಾಗ ಸಾಹಿತ್ಯದಲ್ಲಿ ಅಪಾರ್ಥವೂ ವೈದ್ಯದಲ್ಲಿ ಪ್ರಾಣಹಾನಿಯೂ ಸಂಭವಿಸುತ್ತವೆ. ಈ ಮಾತಿಗೆ ಪಿರಂಗಿ ದತ್ತೂರಿಯೆಂಬ ಕಾಡುಗಿಡಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ವಿರಳ.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ನೆಲದಲ್ಲಿ ಹಿಂಗಾರಿ ಪೈರಿನ ಕಾಲಕ್ಕೆ ಈ ಗಿಡ ಬದುಗಳ ಮೇಲೆ, ಬೀಳು ಹೊಲಗಳಲ್ಲಿ, ಹಳ್ಳದ ದಂಡೆಯಲ್ಲಿ, ತಿಪ್ಪೆಗಳ ಮಗ್ಗುಲಲ್ಲಿ ತಾನಾಗಿಯೇ ಹುಟ್ಟಿ ಬೆಳೆಯುತ್ತದೆ. ಸೆರಗು ಮಲೆನಾಡೆನಿಸಿದ ಕಲಘಟಗಿಯ ಕಡೆಯಲ್ಲಿಯೂ ಹಾದಿಯ ಇಕ್ಕೆಲಗಳಲ್ಲಿ ಇದನ್ನು ಕಾಣಬಹುದು. ಎರಡು ಮೂರು ಅಡಿ ಎತ್ತರದ ಗಿಡ. ಬೂದಿ ಬಣ್ಣ ಬೆರೆತ ಹಸುರೆಲೆ, ಎಲೆಯ ನರಗಳ ಗುಂಟ ಬಿಳಿಯ ಪಟ್ಟೆ, ಅಂಚಿಗೆ ಮುಳ್ಳು. ತಿಳಿ ಹಳದಿಯ ಹೂವು. ಮುಳ್ಳು ಹೊದ್ದ ಕಾಯಿ. ಟೊಂಗೆಯನ್ನು ಮುರಿದರೆ ಅರಿಶಿನದ ನೀರಿನಂತಹ ಹಳದಿ ರಸ ಒಸರುತ್ತದೆ. ಕಾಯಿ ಒಣಗಿ ಬಿರಿದಾಗ ಸಾಸಿವೆಯ ಕಾಳನ್ನು ಹೋಲುವ ಕಪ್ಪು ಬೀಜಗಳು ನೆಲಕ್ಕೆ ಉದುರುತ್ತವೆ. ದನಕರುಗಳು ಇದಕ್ಕೆ ಬಾಯಿ ಹಾಕುವುದಿಲ್ಲವಾದ್ದರಿಂದ ಇದರ ವಂಶ ಅಬಾಧಿತವಾಗಿ ಮುಂದುವರಿದಿದೆ.

ಕನ್ನಡದಲ್ಲಿ ಇದಕ್ಕೆ ದತ್ತೂರಿ, ಅರಸಿನ ಉಮ್ಮತ್ತ, ಪಿರಂಗಿ ದತ್ತೂರಿ ಎಂಬ ಹೆಸರುಗಳಿವೆ. ಕಾಯಿಯ ಮುಳ್ಳನ್ನು ಕಂಡು ಜನರು ಇದನ್ನು ಉಮ್ಮತ್ತಿಯ ಬಳಗಕ್ಕೆ ಸೇರಿಸಿದರು. ಆದರೆ ಶಿವಪೂಜೆಗೆ ಸಲ್ಲುವ ಉಮ್ಮತ್ತಿ, ಅಂದರೆ ಸಂಸ್ಕೃತದ ಧತ್ತೂರ, ಬದನೆಯ ಕುಲದ್ದು; ಇದು ಗಸಗಸೆಯ ಕುಲದ್ದು. ಉಮ್ಮತ್ತಿಯ ಹೂವು ಉದ್ದನೆಯ ಕಹಳೆಯಂತಿದ್ದು ಅದರ ಎಲೆಗೆ ಮುಳ್ಳಿಲ್ಲ. ಮುರಿದರೆ ಹಳದಿ ರಸವೂ ಬಾರದು. ಎರಡರ ಬೀಜಗಳೂ ವಿಷವೇ ಆದರೂ ವಿಷದ ಗುಣ ಬೇರೆ, ಅದರಿಂದಾಗುವ ವಿಕಾರಗಳು ಬೇರೆ. ಹೀಗೆ ಹೆಸರಿನ ಉತ್ತರಪದವಾದ ‘ದತ್ತೂರಿ’ ನಮ್ಮನ್ನು ದಾರಿ ತಪ್ಪಿಸಿದರೆ, ಪೂರ್ವಪದವಾದ ‘ಪಿರಂಗಿ’ ಸತ್ಯವನ್ನು ನುಡಿಯುತ್ತದೆ. ಮರಾಠಿಯ ‘ಫಿರಂಗಿ ಧೋತ್ರಾ’ ಎಂಬ ಹೆಸರೂ ಅದಕ್ಕೆ ಸಾಕ್ಷಿಯಾಗಿದೆ. ಇದು ಹೊರಗಿನಿಂದ ಬಂದ ಗಿಡವೆಂಬ ಅರಿವು ಒಂದು ಕಾಲಕ್ಕೆ ಜನರಲ್ಲಿ ಇದ್ದಿತು.

ಈ ಸಸ್ಯದ ತವರು ಉತ್ತರ ಅಮೆರಿಕ ಖಂಡದ ಮೆಕ್ಸಿಕೋ ಹಾಗೂ ಅದರ ನೆರೆಯ ಪ್ರದೇಶಗಳೆಂಬುದು ಬಹುಪಾಲು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಅಲ್ಲಿಯ ನಹುವಾ ಜನರು ಇದನ್ನು ‘ಚಿಕಲೋತ್ಲ್’ ಎಂದು ಕರೆಯುತ್ತಿದ್ದರು. ಇಂದಿನ ಮೆಕ್ಸಿಕೋದಲ್ಲಿ ಅದೇ ಹೆಸರು ‘ಚಿಕಲೋತೆ’ ಎಂದಾಗಿದೆ. ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು 1570ರಲ್ಲಿ ತನ್ನ ವೈದ್ಯನಾದ ಫ್ರಾನ್ಸಿಸ್ಕೋ ಹೆರ್ನಾಂದೆಸ್‌ನನ್ನು ಆ ದೇಶದ ಮೂಲಿಕೆಗಳ ಶೋಧಕ್ಕಾಗಿ ಕಳುಹಿಸಿದನು. ಆತನು ಸ್ಥಳೀಯ ವೈದ್ಯರಿಂದ ಕೇಳಿ ವರ್ಣಿಸಿದ ಸಾವಿರಾರು ಸಸ್ಯಗಳಲ್ಲಿ ಇದೂ ಸೇರಿದೆ. ಅಲ್ಲಿಯ ಜನರು ಇದರ ಹಳದಿ ರಸವನ್ನು ಕಣ್ಣಿನ ಬೇನೆಗೂ ಚರ್ಮದ ವ್ಯಾಧಿಗಳಿಗೂ, ಬೀಜವನ್ನು ವಿರೇಚನಕ್ಕೂ ಬಳಸುತ್ತಿದ್ದರು. ಮೆಕ್ಸಿಕೋದ ಸೊನೋರಾ ಪ್ರಾಂತದ ಸೇರಿ ಜನಾಂಗದವರು ಮೂತ್ರಪಿಂಡದ ನೋವಿಗೂ ಹೆರಿಗೆಯ ತರುವಾಯ ಬಾಣಂತಿಯ ದೇಹಶುದ್ಧಿಗೂ ಇದರ ಕಷಾಯವನ್ನು ಕೊಡುತ್ತಿದ್ದರು. ಇಷ್ಟು ಉಪಯೋಗಗಳನ್ನು ಕಂಡೂ ಸ್ಪೇನಿನವರು ಇದಕ್ಕೆ ‘ನರಕದ ಅಂಜೂರ’ ಎಂಬ ಅರ್ಥದ ಹೆಸರನ್ನಿಟ್ಟರು. ಮುಳ್ಳುಗಾಯಿಯೊಳಗಿನ ಬೀಜದ ಉಗ್ರತೆಯನ್ನು ಬಲ್ಲವರಿಗೆ ಆ ಹೆಸರು ಅನುಚಿತವೆನಿಸದು.

ಇದರ ಶಾಸ್ತ್ರೀಯ ನಾಮ ‘ಆರ್ಜಿಮೋನ್ ಮೆಕ್ಸಿಕಾನಾ’. 1753ರಲ್ಲಿ ಲಿನೇಯಸನು ಸ್ಥಿರಗೊಳಿಸಿದ ಈ ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ಗ್ರೀಕ್ ಭಾಷೆಯಲ್ಲಿ ‘ಆರ್ಗೆಮಾ’ ಎಂದರೆ ಕಣ್ಣಿನ ಮೇಲೆ ಬರುವ ಬಿಳಿಯ ಕಲೆ. ಆ ರೋಗವನ್ನು ಹೋಗಲಾಡಿಸುವುದೆಂದು ನಂಬಲಾದ, ಗಸಗಸೆಯನ್ನು ಹೋಲುವ ಯಾವುದೋ ಗಿಡವನ್ನು ಕ್ರಿ. ಶ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸನು ‘ಆರ್ಗೆಮೋನೆ’ ಎಂದು ಕರೆದಿದ್ದನು. ಅಮೆರಿಕವನ್ನು ಕಾಣದ ಆ ಗ್ರಂಥಕಾರನ ಮಾತನ್ನು ಯುರೋಪಿನವರು ಅಮೆರಿಕದ ಸಸ್ಯಕ್ಕೆ ಹೊದಿಸಿದರು. ಹಳೆಯ ಗ್ರಂಥದ ಹೆಸರು ಹೊಸ ಗಿಡಕ್ಕೆ ಅಂಟಿಕೊಳ್ಳುವ ಈ ಪ್ರಕ್ರಿಯೆ ಭಾರತದಲ್ಲಿಯೂ ನಡೆಯಿತು.

ಕೊಲಂಬಸನು ಅಮೆರಿಕದ ದ್ವೀಪಗಳನ್ನು ಮುಟ್ಟಿದ್ದು 1492ರಲ್ಲಿ. ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡದ್ದು 1510ರಲ್ಲಿ. ತರುವಾಯದ ಶತಮಾನಗಳಲ್ಲಿ ಅಮೆರಿಕದ ಅನೇಕ ಸಸ್ಯಗಳು ಈ ನಾಡಿಗೆ ಬಂದು ನೆಲೆಗೊಂಡವು. ಕುಂದಗೋಳದ ಹೊಲಗಳನ್ನು ಕೆಂಪಾಗಿಸುವ ಮೆಣಸಿನಕಾಯಿ, ಗೋವಿನ ಜೋಳ, ಸೇಂಗಾ, ತಂಬಾಕು ಇವೆಲ್ಲವೂ ಆ ಬಳಗದವೇ. ಅವುಗಳನ್ನು ಜನರು ಬಯಸಿ ಬೆಳೆದರು. ಪಿರಂಗಿ ದತ್ತೂರಿಯಾದರೋ ಯಾರೂ ಬಿತ್ತದೆ ಬೇರೂರಿತು.

ಹೀಗೆ ನೆಲೆಗೊಂಡ ಗಿಡಕ್ಕೆ ಕಾಲಕ್ರಮದಲ್ಲಿ ಸಂಸ್ಕೃತದ ಹೆಸರುಗಳೂ ದೊರೆತವು. ಅವುಗಳಲ್ಲಿ ಮುಖ್ಯವಾದವು ಸ್ವರ್ಣಕ್ಷೀರಿ ಮತ್ತು ಬ್ರಹ್ಮದಂಡಿ. ಬಂಗಾರದ ಬಣ್ಣದ ಹಾಲುಳ್ಳದ್ದು ಎಂಬ ಅರ್ಥದ ಸ್ವರ್ಣಕ್ಷೀರಿಯ ಉಲ್ಲೇಖ ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿದೆ. ಹಳದಿ ರಸವನ್ನು ಕಂಡವರು ಶಬ್ದಾರ್ಥವನ್ನೇ ಪ್ರಮಾಣವಾಗಿ ಹಿಡಿದು ಈ ಗಿಡವೇ ಅದೆಂದು ಬಗೆದರು. ಆದರೆ ಹದಿನಾರನೆಯ ಶತಮಾನಕ್ಕಿಂತ ಮೊದಲು ಭಾರತದಲ್ಲಿಲ್ಲದ ಸಸ್ಯ ಆ ಸಂಹಿತೆಗಳಲ್ಲಿ ಬರುವುದು ಅಸಂಭವ. ಮೂಲ ಸ್ವರ್ಣಕ್ಷೀರಿಯು ಹಿಮಾಲಯದಲ್ಲಿ ಬೆಳೆಯುವ, ಕಳ್ಳಿಯ ಕುಲಕ್ಕೆ ಸೇರಿದ ಒಂದು ಮೂಲಿಕೆಯೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಬ್ರಹ್ಮದಂಡಿಯ ಗೊಂದಲ ಇನ್ನೂ ಹೆಚ್ಚಿನದು. ತಮಿಳು, ತೆಲುಗುಗಳಲ್ಲಿ ಆ ಹೆಸರು ಪಿರಂಗಿ ದತ್ತೂರಿಗೆ ಸಲ್ಲುತ್ತದೆ. ಕನ್ನಡದಲ್ಲಿ ಬ್ರಹ್ಮದಂಡೆಯೆಂದರೆ ಚೆಂಡಿನಂತಹ ಮುಳ್ಳುಹೂವಿನ, ಸಂಸ್ಕೃತದಲ್ಲಿ ಉತ್ಕಂಟಕವೆನಿಸಿದ ಬೇರೊಂದು ಗಿಡ. ಮರಾಠಿ ನಾಡಿನಲ್ಲಿ ಮೂರನೆಯ ಸಸ್ಯವೊಂದು ಇದೇ ಹೆಸರನ್ನು ಹೊತ್ತಿದೆ.

ಕನ್ನಡದ ಪ್ರಾಚೀನ ಶಾಸ್ತ್ರಗ್ರಂಥಗಳ ಅಭ್ಯಾಸಿಗಳು ಇದರಿಂದ ಗ್ರಹಿಸಬೇಕಾದ ಸೂತ್ರ ಸರಳವಾಗಿದೆ. ಕೀರ್ತಿವರ್ಮನ ‘ಗೋವೈದ್ಯ’ ಹನ್ನೆರಡನೆಯ ಶತಮಾನದ್ದು; ವಿಷವೈದ್ಯವನ್ನು ನಿರೂಪಿಸುವ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಹದಿನಾಲ್ಕನೆಯ ಶತಮಾನದ್ದು. ಇಂತಹ ಕೃತಿಗಳಲ್ಲಾಗಲಿ, ಶರಣರ ವಚನಗಳಲ್ಲಾಗಲಿ ಉಮ್ಮತ್ತಿ, ದತ್ತೂರ ಮುಂತಾದ ಶಬ್ದಗಳು ಬಂದಲ್ಲಿ ಅವು ಶಿವಪ್ರಿಯವಾದ ಧತ್ತೂರವನ್ನೇ ಹೇಳುತ್ತವೆಂದು ತಿಳಿಯಬೇಕು. ಅಲ್ಲಿ ಪಿರಂಗಿ ದತ್ತೂರಿಯನ್ನು ಅರ್ಥವಾಗಿ ಕೊಡುವ ಟಿಪ್ಪಣಿ ಕಾಲವಿರುದ್ಧವಾಗುತ್ತದೆ. ಈಚಿನ ಕಾಲದ ಕೈಬರಹದ ವೈದ್ಯದ ಕಟ್ಟುಗಳ ವಿಷಯ ಹಾಗಲ್ಲ. ಮಠಗಳಲ್ಲಿಯೂ ಮನೆತನಗಳಲ್ಲಿಯೂ ಉಳಿದುಬಂದ ಅಂತಹ ಕಟ್ಟುಗಳಲ್ಲಿ ‘ದತ್ತೂರಿ’ ಎಂದು ಬರೆದಿದ್ದರೆ ಅದು ಎರಡರಲ್ಲಿ ಯಾವುದೂ ಆಗಿರಬಹುದು. ಆದುದರಿಂದ ಕಾಲ, ಪ್ರದೇಶ, ರೋಗ, ಯೋಗ ಇವುಗಳನ್ನೆಲ್ಲ ತೂಗಿ ನೋಡದೆ ಅವುಗಳನ್ನು ಪ್ರಯೋಗಕ್ಕೆ ತರುವುದು ಅಪಾಯಕರ.

ಪರದೇಶದ ಗಿಡವೊಂದನ್ನು ಈ ನಾಡಿನ ವೈದ್ಯರು ಇಷ್ಟು ಸುಲಭವಾಗಿ ಸ್ವೀಕರಿಸಿದ್ದಕ್ಕೆ ಕಾರಣವಿಲ್ಲದಿಲ್ಲ. ದಾರುಹರಿದ್ರೆ, ಅಂದರೆ ಮರದರಿಶಿನದಿಂದ ತಯಾರಿಸುವ ರಸಾಂಜನವು ಆಯುರ್ವೇದದಲ್ಲಿ ನೇತ್ರರೋಗಗಳಿಗೂ ವ್ರಣಗಳಿಗೂ ಪ್ರಸಿದ್ಧವಾದ ಮದ್ದು. ಅದರ ಹಳದಿ ಬಣ್ಣಕ್ಕೆ ಕಾರಣವಾದ ಬರ್ಬೆರಿನ್ ಎಂಬ ಕ್ಷಾರಾಭ ಪಿರಂಗಿ ದತ್ತೂರಿಯಲ್ಲಿಯೂ ಇದೆಯೆಂಬುದನ್ನು ರಸಾಯನಶಾಸ್ತ್ರ ತೋರಿಸಿಕೊಟ್ಟಿದೆ. ಬಣ್ಣ, ಕಹಿ, ವ್ರಣವನ್ನು ಮಾಯಿಸುವ ಗುಣಗಳ ಸಾಮ್ಯದಿಂದ ಹೊಸ ಗಿಡ ಹಳೆಯ ಮದ್ದಿನ ಸ್ಥಾನಕ್ಕೆ ಬಂದಿತೆಂದು ಊಹಿಸಬಹುದು. ತಮಿಳು ನಾಡಿನ ವೈದ್ಯರು ಇದರ ರಸವನ್ನು ಕಣ್ಣುಬೇನೆಗೆ ಬಳಸುತ್ತಿದ್ದುದನ್ನು ವೈಟ್‌ಲಾ ಐನ್ಸ್ಲಿಯು 1826ರ ತನ್ನ ‘ಮೆಟೀರಿಯಾ ಇಂಡಿಕಾ’ದಲ್ಲಿ ದಾಖಲಿಸಿದ್ದಾನೆ. ತುರಿ, ಕಜ್ಜಿ, ಗಜಕರ್ಣ, ಮಾಯದ ಹುಣ್ಣುಗಳ ಮೇಲೆ ಈ ರಸವನ್ನು ಲೇಪಿಸುವ ರೂಢಿ ದೇಶದ ಅನೇಕ ಭಾಗಗಳಲ್ಲಿ ಬೆಳೆಯಿತು. ಎರಡು ಖಂಡಗಳ ಜನರು ಒಂದೇ ಗಿಡವನ್ನು ಒಂದೇ ಬಗೆಯ ರೋಗಗಳಿಗೆ ಬಳಸಿದ್ದು ಗಮನಾರ್ಹವಾಗಿದೆ.

ಆದರೆ ಬರ್ಬೆರಿನ್ ಇದ್ದಲ್ಲಿಯೇ ಬೇರೊಂದು ವಸ್ತುವೂ ಇದೆ. ಬೀಜದ ಎಣ್ಣೆಯಲ್ಲಿರುವ ಸಾಂಗ್ವಿನರಿನ್ ಎಂಬ ಕ್ಷಾರಾಭ ಘೋರ ವಿಷ. 1877ರಲ್ಲಿ ಕಲಕತ್ತೆಯಲ್ಲಿ ಒಂದು ವಿಚಿತ್ರ ವ್ಯಾಧಿ ಹಬ್ಬಿತು. ರೋಗಿಗಳ ಕಾಲುಗಳು ಬಾತು, ಉಸಿರು ಕಟ್ಟಿ, ಹೃದಯ ದುರ್ಬಲವಾಗುತ್ತಿತ್ತು, ಅನೇಕರು ಸಾವಿಗೀಡಾದರು. ಸಾಂಕ್ರಾಮಿಕ ಜಲೋದರವೆಂದು ಕೆಲವರು ಕನ್ನಡಿಸುವ ಈ ರೋಗದಲ್ಲಿ ಬಾವು ಮುಖ್ಯವಾಗಿ ಕಾಲುಗಳಲ್ಲಿ ಕಾಣುವುದರಿಂದ ‘ಬಾವುರೋಗ’ವೆಂಬ ಮಾತೇ ಉಚಿತ. ಅನೇಕ ವರ್ಷಗಳ ಕಾಲ ಇದನ್ನು ಅಂಟುರೋಗವೆಂದೋ ಕೆಟ್ಟ ಅಕ್ಕಿಯ ಫಲವೆಂದೋ ತಿಳಿಯಲಾಗಿತ್ತು. 1937ರಲ್ಲಿ ಲಾಲ್ ಮತ್ತು ರಾಯ್ ಎಂಬ ಸಂಶೋಧಕರು ಸಾಸಿವೆಯೆಣ್ಣೆಯಲ್ಲಿ ಬೆರೆತ ಈ ಗಿಡದ ಬೀಜದ ಎಣ್ಣೆಯೇ ಕಾರಣವೆಂಬುದನ್ನು ಪ್ರಯೋಗದಿಂದ ತೋರಿಸಿದರು. 1948ರಲ್ಲಿ ಅದರ ವಿಷಾಂಶಗಳನ್ನು ಬೇರ್ಪಡಿಸಿ ಗುರುತಿಸಲಾಯಿತು. ಅಡಿಗೆಯೆಣ್ಣೆಯಲ್ಲಿ ನೂರಕ್ಕೆ ಒಂದು ಪಾಲು ಬೆರೆತರೂ ಸಾಕು, ಕೇಡು ತಪ್ಪದು. ಒಲೆಯ ಮೇಲಿನ ಕಾವಿಗೆ ಈ ವಿಷ ನಾಶವಾಗುವುದಿಲ್ಲ. ಕಾರಣ ತಿಳಿದ ಅರುವತ್ತು ವರ್ಷಗಳ ನಂತರವೂ, 1998ರಲ್ಲಿ, ದಿಲ್ಲಿಯಲ್ಲಿ ಕಲಬೆರಕೆಯ ಸಾಸಿವೆಯೆಣ್ಣೆಯಿಂದ ಸುಮಾರು 3000 ಜನರು ಅಸ್ವಸ್ಥರಾಗಿ 60ಕ್ಕಿಂತ ಹೆಚ್ಚು ಜನರು ಮೃತಪಟ್ಟರು. ಈ ರೋಗದಲ್ಲಿ ಕಣ್ಣಿನ ಒಳಒತ್ತಡ ಏರಿ ದೃಷ್ಟಿಗೂ ಹಾನಿಯಾಗುವುದುಂಟು. ಕಣ್ಣಿನ ಮದ್ದೆಂಬ ಹೆಸರನ್ನೇ ಹೊತ್ತ ಗಿಡ ಕಣ್ಣನ್ನು ಕಳೆಯಬಲ್ಲದು.

ಧಾರವಾಡದ ಸೀಮೆಯಲ್ಲಿ ಸಾಸಿವೆಯೆಣ್ಣೆ ರೂಢಿಯ ಅಡಿಗೆಯೆಣ್ಣೆಯಲ್ಲ. ಇಲ್ಲಿ ಬಳಕೆಯಾದುವು ಕುಸುಬಿ ಮತ್ತು ಸೇಂಗಾ ಎಣ್ಣೆಗಳು. ಕುಸುಬಿಯ ಕಾಳು ಬಿಳಿದಾಗಿ ದಪ್ಪನಾಗಿರುವುದರಿಂದ ಈ ಕಪ್ಪು ಬೀಜ ಅದರಲ್ಲಿ ಎದ್ದು ಕಾಣುತ್ತದೆ. ಆದರೂ ಒಗ್ಗರಣೆಗೆ ಸಾಸಿವೆ ಪ್ರತಿ ಮನೆಯಲ್ಲಿಯೂ ಬೇಕು. ಸಾಸಿವೆಯ ಕಾಳು ಮೈ ನುಣುಪಾದುದು. ದತ್ತೂರಿಯ ಬೀಜದ ಮೈಮೇಲೆ ಬಲೆ ಹೆಣೆದಂತೆ ಸಣ್ಣ ಕುಳಿಗಳಿರುತ್ತವೆ. ಮರದಲ್ಲಿ ಹಾಕಿ ಹಸನು ಮಾಡುವಾಗ ಬೆಳಕಿಗೆ ಹಿಡಿದು ನೋಡಿದರೆ ಭೇದ ತಿಳಿಯುತ್ತದೆ. ಎಣ್ಣೆಯ ವಿಷಯದಲ್ಲಿ ಸಂಶಯವಿದ್ದರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಕಲಬೆರಕೆಯ ಎಣ್ಣೆಗೆ ನೈಟ್ರಿಕ್ ಆಮ್ಲ ಕೂಡಿಸಿದರೆ ಕಿತ್ತಳೆಗೆಂಪು ಬಣ್ಣ ತೋರುತ್ತದೆ.

ಹಾಗೆಂದು ಈ ಗಿಡವನ್ನು ಕೇವಲ ವಿಷವೆಂದು ತಳ್ಳಿಹಾಕುವುದೂ ವಿವೇಕವಲ್ಲ. ಆಫ್ರಿಕದ ಮಾಲಿ ದೇಶದಲ್ಲಿ ಇದರ ಸೊಪ್ಪಿನ ಕಷಾಯವನ್ನು ಮಲೇರಿಯಾ ಜ್ವರಕ್ಕೆ ಕೊಡುವ ರೂಢಿಯಿದೆ. ಅಲ್ಲಿಯ ಸುಮಾರು 300 ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕಷಾಯ ಸೇವಿಸಿದವರಲ್ಲಿ ನೂರಕ್ಕೆ 89 ಜನರಿಗೆ ಬೇರೆ ಮದ್ದು ಬೇಕಾಗಲಿಲ್ಲ. ಆಧುನಿಕ ಔಷಧ ಪಡೆದವರಲ್ಲಿ ಈ ಪ್ರಮಾಣ ನೂರಕ್ಕೆ 95. ಇಲ್ಲಿ ಎರಡು ಸಂಗತಿಗಳನ್ನು ಮರೆಯಲಾಗದು. ಆ ಪರೀಕ್ಷೆ ತಜ್ಞ ವೈದ್ಯರ ಕಣ್ಗಾವಲಿನಲ್ಲಿ ನಡೆಯಿತು. ಬಳಸಿದ್ದು ಸೊಪ್ಪನ್ನೇ ಹೊರತು ಬೀಜವನ್ನಲ್ಲ. ಒಂದೇ ಗಿಡದ ಒಂದು ಅಂಗ ಮದ್ದಾಗಿ ಇನ್ನೊಂದು ಅಂಗ ಮೃತ್ಯುವಾಗುವುದನ್ನು ಅರಿಯದವನು ಇದನ್ನು ಮುಟ್ಟದಿರುವುದೇ ಲೇಸು. ವಿಶೇಷವಾಗಿ ಹಸಿ ರಸವನ್ನು ಕಣ್ಣಿಗೆ ಹಾಕುವ ಹಳೆಯ ರೂಢಿಯನ್ನು ಬಿಡಬೇಕು. ಕಣ್ಣಿನ ಬೇನೆಗೆ ವೈದ್ಯರಲ್ಲಿಗೆ ಹೋಗಬೇಕು.

ಶರಣ ಪರಂಪರೆಯಲ್ಲಿ ವೈದ್ಯ ವೃತ್ತಿಗೆ ಗೌರವದ ಸ್ಥಾನವಿದ್ದಿತು. ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯಲ್ಲಿಯೇ ಭವರೋಗದ ಚಿಕಿತ್ಸೆಯನ್ನು ನಿರೂಪಿಸಿದ ವಚನಕಾರ. ರೋಗದ ನಿದಾನವನ್ನೂ ಮದ್ದಿನ ಸ್ವರೂಪವನ್ನೂ ಅರಿತು ಮಾಡುವ ಚಿಕಿತ್ಸೆ ಮಾತ್ರ ಕಾಯಕವೆನಿಸುತ್ತದೆ. ಹೆಸರನ್ನು ಮಾತ್ರ ನೆಚ್ಚಿ ಮಾಡುವುದು ಅವಿಚಾರ. ಶಿವನ ಮುಡಿಗೇರುವ ಉಮ್ಮತ್ತಿಯ ಹೆಸರನ್ನು ಪಡೆದು, ಋಷಿಗಳು ಹೇಳಿದ ಸ್ವರ್ಣಕ್ಷೀರಿಯ ಹೆಸರನ್ನೂ ಪಡೆದು, ನಾಲ್ಕೈದು ಶತಮಾನಗಳಿಂದ ಇಲ್ಲಿ ಬೆಳೆಯುತ್ತಿರುವ ಈ ಪರದೇಶದ ಗಿಡದ ವಿಷಯದಲ್ಲಿ, ‘ಪಿರಂಗಿ’ ಎಂಬ ಗುರುತನ್ನು ಕೂಡಿಸಿ ಕರೆದ ಹಳ್ಳಿಯ ಹಿರಿಯರೇ ಪಂಡಿತರಿಗಿಂತ ಸರಿಯಾದ ಎಚ್ಚರವನ್ನು ಕೊಟ್ಟಿದ್ದಾರೆ.