ಐರ್ಲೆಂಡಿನ ಕಡಲಂಚಿನಲ್ಲಿ ಗಾಳ

ಗಾಳ ಹಿಡಿದು ನೀರಿನೆದುರು ನಿಂತವನನ್ನು ಕಂಡರೆ, ಕೆಲಸವಿಲ್ಲದೆ ಹೊತ್ತು ಕಳೆಯುತ್ತಿದ್ದಾನೆಂದು ದಾರಿಹೋಕರು ಎಣಿಸುವುದುಂಟು. ಮೀನು ಸಿಕ್ಕಿದರೆ ಅದೃಷ್ಟ, ಸಿಕ್ಕದಿದ್ದರೆ ದುರದೃಷ್ಟ ಎಂಬುದು ಸಾಮಾನ್ಯ ನಂಬಿಕೆ. ಆದರೆ ಐರ್ಲೆಂಡಿನ ಕಡಲ ದಂಡೆಯಲ್ಲಿ ಗಾಳ ಹಾಕುವ ಅನುಭವಿಗಳ ರೀತಿಯನ್ನು ಪರಿಶೀಲಿಸಿದರೆ, ಇದರಲ್ಲಿ ಅದೃಷ್ಟದ ಪಾಲು ಎಷ್ಟು ಕಡಿಮೆಯೆಂಬುದು ನಮಗೆ ಮನವರಿಕೆಯಾಗುತ್ತದೆ. ಮೀನನ್ನು ಹಿಡಿಯುವವನಿಗೆ ಮೊದಲು ಮೀನಿನ ಊಟ ತಿಳಿದಿರಬೇಕು. ಅದಕ್ಕೂ ಮೊದಲು ನೀರಿನ ನಡೆ ತಿಳಿದಿರಬೇಕು.

ನೀರಿನ ನಡೆಯೆಂದರೆ ಉಬ್ಬರವಿಳಿತ. ಚಂದ್ರ ಸೂರ್ಯರ ಆಕರ್ಷಣೆಯಿಂದ ಇಲ್ಲಿಯ ಕಡಲು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬುತ್ತದೆ. ಆದುದರಿಂದ ಇಂದಿನ ಉಬ್ಬರಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರ ಸೆಳೆತವೂ ಒಂದುಗೂಡುವುದರಿಂದ ಆ ದಿನಗಳ ಸುಮಾರಿಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಈ ಏರಿಳಿತ ಕುಗ್ಗುತ್ತದೆ. ದಂಡೆಯ ಆಕಾರವೂ ಇದನ್ನು ಬದಲಿಸಬಲ್ಲುದು. ಪಶ್ಚಿಮದ ಶಾನನ್ ನದಿಯ ಅಳಿವೆ ಒಳನಾಡಿನ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಅದರ ಒಳತುದಿಯಲ್ಲಿರುವ ಲಿಮೆರಿಕ್ ನಗರದಲ್ಲಿ ದೊಡ್ಡ ಉಬ್ಬರದ ದಿನ ನೀರು 5 ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ಪೂರ್ವ ದಂಡೆಯ ಕೋರ್ಟೌನಿನಲ್ಲಿಯಾದರೋ ಅದು ಸುಮಾರು ಒಂದು ಮೀಟರು ಮಾತ್ರ. ಗಾಳಗಾರನ ಚೀಲದಲ್ಲಿ ಉಬ್ಬರದ ವೇಳಾಪಟ್ಟಿ ಇರಲೇಬೇಕೆನ್ನುವುದು ಇದಕ್ಕಾಗಿಯೇ.

ಮರಳಿನ ದಂಡೆ

ನೈರುತ್ಯದ ಕೆರ್ರಿ ಪ್ರಾಂತದಲ್ಲಿ, ಡಿಂಗಲ್ ಪರ್ಯಾಯದ್ವೀಪದ ದಕ್ಷಿಣಕ್ಕೆ, ಇಂಚ್ ಎಂಬ ಮರಳಿನ ದಂಡೆಯಿದೆ. ಸುಮಾರು 5 ಕಿಲೋಮೀಟರು ಉದ್ದದ ಈ ದಂಡೆಗೆ ಅಟ್ಲಾಂಟಿಕ್ ಸಾಗರದ ಅಲೆಗಳು ಸಾಲುಸಾಲಾಗಿ ಬಂದು ಒಡೆಯುತ್ತವೆ. ನೀರು ಇಳಿದಾಗ ಇಂಥ ಮರಳು ಬರಿದೆಂದು ತೋರುತ್ತದೆ. ಆದರೆ ಬಗ್ಗಿ ನೋಡಿದರೆ ಅಲ್ಲಲ್ಲಿ ಶಾವಿಗೆಯ ಸುರುಳಿಯಂತೆ ಮರಳಿನ ಗುಪ್ಪೆಗಳು; ಪ್ರತಿಯೊಂದರ ಸಮೀಪದಲ್ಲಿ ಒಂದು ಸಣ್ಣ ಕುಳಿ. ಇವೆರಡೂ ಲಗ್ ಎಂಬ ಹುಳುವಿನ ಮನೆಯ ಗುರುತು. ಅದರ ಬಿಲ ಕುದುರೆಯ ಲಾಳದಂತೆ ಬಾಗಿದೆ. ಹುಳು ಒಂದು ತುದಿಯಿಂದ ಮರಳನ್ನು ನುಂಗಿ, ಅದರಲ್ಲಿರುವ ಸಾರವನ್ನು ಜೀರ್ಣಿಸಿಕೊಂಡು, ಉಳಿದುದನ್ನು ಇನ್ನೊಂದು ತುದಿಯಲ್ಲಿ ಹೊರಹಾಕುತ್ತದೆ. ಗಾಳಗಾರರು ಇಳಿತದ ವೇಳೆ ಕವಲುಗುದ್ದಲಿಯಿಂದ ಅಗೆದು ಇದನ್ನೇ ಎರೆಯಾಗಿ ಒಯ್ಯುತ್ತಾರೆ.

ಈ ಎರೆಯನ್ನು ಅರಸಿ ಬರುವುದು ಬಾಸ್ ಎಂಬ ಬೆಳ್ಳಿಯ ಮೈಯ ಮೀನು. ಕಡಲಿನಿಂದ ದಡಕ್ಕೆ ಗಾಳಿ ಬೀಸಿ ಅಲೆಗಳು ಮರಳನ್ನು ಕಲಕಿದಾಗ, ಅಡಗಿದ್ದ ಹುಳುಗಳೂ ಏಡಿಗಳೂ ಹೊರಬೀಳುತ್ತವೆ. ಆಗ ಬಾಸ್ ಮೀನು ಮೊಣಕಾಲುದ್ದದ ನೀರಿಗೂ ನುಗ್ಗಿ ಬರುತ್ತದೆ. ಹೊಸಬನು ಬಲವನ್ನೆಲ್ಲ ಹಾಕಿ ಗಾಳವನ್ನು ದೂರಕ್ಕೆಸೆಯುತ್ತಾನೆ. ಅದು ಮೀನಿನ ತಲೆಯ ಮೇಲೆ ಹಾದು ಆಚೆ ಬೀಳುತ್ತದೆ! ಅನುಭವಿಯಾದರೋ ಉಬ್ಬರದ ಏರುನೀರಿನೊಡನೆ ಹಿಂದೆ ಸರಿಯುತ್ತ, ಒಡೆದ ಅಲೆಯ ನೊರೆಯ ಬಳಿಯಲ್ಲೇ ಗಾಳ ಇಡುತ್ತಾನೆ.

ಅಳಿವೆ ಮತ್ತು ಬಂಡೆ

ಅಳಿವೆಗಳಲ್ಲಿ ಏಡಿಯೇ ಶ್ರೇಷ್ಠವಾದ ಎರೆ. ಏಡಿಯ ಚಿಪ್ಪು ಅದರ ಮೈಯೊಡನೆ ಬೆಳೆಯಲಾರದು. ಆದುದರಿಂದ ಹಾವು ಪೊರೆ ಬಿಡುವಂತೆ ಅದು ಆಗಾಗ ಚಿಪ್ಪನ್ನು ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದು ಮೆತ್ತಗಿನ ತುತ್ತು. ಅದರ ವಾಸನೆಗೆ ಮೀನುಗಳು ದೂರದಿಂದ ಬರುತ್ತವೆ. ಚಿಪ್ಪು ಬಿಡಲು ಸಿದ್ಧವಾದ ಏಡಿಯನ್ನು ಇಳಿತದಲ್ಲಿ ಕಲ್ಲುಗಳ ಕೆಳಗೆ ಹುಡುಕುತ್ತಾರೆ. ಎತ್ತಿದ ಕಲ್ಲನ್ನು ಮೊದಲಿನಂತೆ ಇಡುವುದು ಒಳ್ಳೆಯ ಗಾಳಗಾರನ ಲಕ್ಷಣ. ಆ ಕಲ್ಲಿನಡಿ ಬೇರೆ ಜೀವಿಗಳ ಸಂಸಾರವೂ ಇರುತ್ತದಷ್ಟೆ.

ಕ್ಲೇರ್ ಮತ್ತು ಕೆರ್ರಿಗಳ ಬಂಡೆಗಳ ಮೇಲೆ ಆಟವೇ ಬೇರೆ. ಅಲ್ಲಿ ಕಾಲಬುಡದಲ್ಲಿಯೇ ಆಳವಾದ ನೀರು, ಅದರಲ್ಲಿ ಕೆಲ್ಪ್ ಎಂಬ ಕಡಲಪಾಚಿಯ ಕಾಡು. ಬೇಸಗೆಯಲ್ಲಿ ನಮ್ಮ ಬಂಗುಡೆಯ ಕುಟುಂಬಕ್ಕೆ ಸೇರಿದ ಮೆಕೆರೆಲ್ ಮೀನು ಹಿಂಡುಹಿಂಡಾಗಿ ಬರುತ್ತದೆ. ಅದರ ಸೀಳು ಇತರ ಮೀನುಗಳಿಗೆ ಎರೆಯಾಗುತ್ತದೆ. ಪೊಲಾಕ್ ಮೀನು ಗಾಳ ಕಚ್ಚಿದೊಡನೆ ಪಾಚಿಯ ಕಾಡಿಗೆ ಧುಮುಕಿ ದಾರವನ್ನು ಹರಿಯಲೆಳಸುತ್ತದೆ. ರಾಸ್ ಎಂಬ ಮೀನಿಗೆ ಚಿಪ್ಪುಗಳನ್ನು ಪುಡಿಮಾಡಲು ಗಂಟಲಲ್ಲಿಯೂ ಹಲ್ಲುಗಳಿವೆ. ಅಲ್ಲಿಯ ಬ್ಯಾಲನ್ ರಾಸ್ ಜಾತಿಯ ಮೀನುಗಳೆಲ್ಲ ಹೆಣ್ಣಾಗಿಯೇ ಬಾಳನ್ನು ತೊಡಗುತ್ತವೆ. ಕೆಲವು ಮಾತ್ರ ಮುಂದೆ ಗಂಡಾಗುತ್ತವೆ. ಹೀಗಾಗಿ ಒಂದು ಬಂಡೆಯ ದೊಡ್ಡ ಮೀನುಗಳನ್ನೆಲ್ಲ ಹಿಡಿದರೆ ಗಂಡುಗಳ ಕೊರತೆ ತಲೆದೋರಬಹುದು.

ಬಂಡೆಗೆ ಇಳಿಯುವ ಮೊದಲು ಅಲೆಗಳನ್ನು ಬಹಳ ಹೊತ್ತು ನೋಡಬೇಕು. ನೀರು ಶಾಂತವಾಗಿದ್ದರೂ ಬಂಡೆ ಒದ್ದೆಯಾಗಿದ್ದರೆ, ದೊಡ್ಡ ಅಲೆಯೊಂದು ಅಲ್ಲಿಯವರೆಗೆ ಬಂದು ಹೋಗಿರಬಹುದು. ಜೀವರಕ್ಷಕ ಅಂಗಿಯಿಲ್ಲದೆ, ಜೊತೆಗಾರನಿಲ್ಲದೆ ಅಲ್ಲಿಗೆ ಹೋಗುವುದು ಸಾಹಸವಲ್ಲ, ಅವಿವೇಕ.

ಬಾಸ್ ಕಲಿಸಿದ ಪಾಠ

ಐರ್ಲೆಂಡಿನ ದಂಡೆಗಾಳದಲ್ಲಿ ಬಾಸ್ ಮೀನಿಗೆ ಸಲ್ಲುವ ಗೌರವ ದೊಡ್ಡದು. ಆದರೂ ಅದು ವಿರಳವಾಗುತ್ತ ಬಂದಿತು. ಕಾರಣವನ್ನು ಅದರ ಬೆಳವಣಿಗೆಯಲ್ಲಿ ನೋಡಬಹುದು. ತಂಪಾದ ಈ ನೀರಿನಲ್ಲಿ ಅದು ಬಹು ನಿಧಾನವಾಗಿ ಬೆಳೆಯುತ್ತದೆ. ಹೆಣ್ಣು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು 5ರಿಂದ 7 ವರ್ಷ ಬೇಕು. ಹಿಡಿಯುವ ವೇಗ ಬೆಳೆಯುವ ವೇಗವನ್ನು ಮೀರಿದರೆ ಬೊಕ್ಕಸ ಬರಿದಾಗಲೇಬೇಕಲ್ಲವೆ? 1990ರಲ್ಲಿ ಐರ್ಲೆಂಡ್ ತನ್ನ ದೋಣಿಗಳು ವ್ಯಾಪಾರಕ್ಕಾಗಿ ಬಾಸ್ ಹಿಡಿಯುವುದನ್ನು ನಿಷೇಧಿಸಿತು. 2015ರಲ್ಲಿ ಐರೋಪ್ಯ ಒಕ್ಕೂಟವು, ಇಟ್ಟುಕೊಳ್ಳಬಹುದಾದ ಮೀನಿನ ಕನಿಷ್ಠ ಉದ್ದವನ್ನು 36 ಸೆಂಟಿಮೀಟರಿನಿಂದ 42ಕ್ಕೆ ಏರಿಸಿತು. ಈ ಏರಿಕೆಯ ಅರ್ಥ ಸ್ಪಷ್ಟವಾಗಿದೆ: ಹಿಡಿಯುವ ಮೊದಲು ಒಮ್ಮೆಯಾದರೂ ಮೊಟ್ಟೆಯಿಡಲು ಅವಕಾಶ ಕೊಡು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ವಿಜ್ಞಾನಿಗಳು ಕಾರ್ಕ್ ಬಂದರಿನ ನೀರಿನಲ್ಲಿ ಬಾಸ್ ಮೀನುಗಳಿಗೆ ಶಬ್ದಸಂಕೇತ ಹೊರಡಿಸುವ ಪುಟ್ಟ ಯಂತ್ರಗಳನ್ನು ಅಳವಡಿಸಿ ಅವುಗಳ ಓಡಾಟವನ್ನು ಗುರುತಿಸಿದರು. 2017ರಲ್ಲಿ ಪ್ರಕಟವಾದ ಈ ಸಂಶೋಧನೆಯಂತೆ, ಮೀನುಗಳು ಬೇಸಗೆಯನ್ನು ಚಿಕ್ಕ ಪ್ರದೇಶವೊಂದರಲ್ಲೇ ಕಳೆದು, ಚಳಿಗಾಲದಲ್ಲಿ ಹೊರಟುಹೋಗಿ, ಮರುವರ್ಷ ಅದೇ ಜಾಗಕ್ಕೆ ಹಿಂದಿರುಗಿದುವು. ಎಂದ ಮೇಲೆ, ಗಾಳಗಾರರು ‘ಒಳ್ಳೆಯ ಜಾಗ’ ಎನ್ನುವುದು ಆ ಮೀನುಗಳ ಮನೆಯಂಗಳ. ಒಂದು ದಂಡೆಯ ಮೀನುಗಳನ್ನು ಬರಿದು ಮಾಡಿದರೆ ಪಕ್ಕದ ದಂಡೆಯವು ಬಂದು ಆ ಜಾಗವನ್ನು ಬೇಗನೆ ತುಂಬುತ್ತವೆಂದು ನಾವು ನೆಚ್ಚಿಕೊಳ್ಳುವಂತಿಲ್ಲ.

ಇದನ್ನರಿತ ಅನೇಕರು ಇಂದು ಹಿಡಿದ ಮೀನನ್ನು ಅಳೆದು, ನೀರಿಗೆ ಮರಳಿ ಬಿಡುತ್ತಾರೆ. ಮುಟ್ಟುವ ಮೊದಲು ಕೈಗಳನ್ನು ಕಡಲ ನೀರಿನಲ್ಲಿ ನೆನೆಸಿಕೊಳ್ಳುತ್ತಾರೆ. ಒಣಗೈ ತಗುಲಿದರೆ ಮೀನಿನ ಮೈಯನ್ನು ರೋಗಗಳಿಂದ ಕಾಯುವ ಲೋಳೆ ಅಳಿಸಿಹೋಗುತ್ತದೆ. ಮೀನು ಎಲ್ಲಿ, ಯಾವಾಗ, ಏಕೆ ಬರುತ್ತದೆಂಬ ತಿಳಿವಳಿಕೆ ಅದನ್ನು ಹಿಡಿಯಲು ನೆರವಾಗುವಂತೆಯೇ ಉಳಿಸಲೂ ನೆರವಾಗುತ್ತದೆ.