ಎಂಬಿಎ ಪ್ರವೇಶ ಪರೀಕ್ಷೆಗಳು: ಆಯ್ಕೆಗೆ ಮುನ್ನ ಅರಿಯಬೇಕಾದ ವಿಚಾರಗಳು

ಪದವಿ ಶಿಕ್ಷಣದ ಕೊನೆಯ ವರ್ಷದಲ್ಲಿರುವ ಅನೇಕ ಮಕ್ಕಳು ಎಂಬಿಎ ವ್ಯಾಸಂಗವನ್ನು ಬಯಸುತ್ತಾರೆ. ಯಾವ ಪರೀಕ್ಷೆಯನ್ನು ಬರೆಯಬೇಕೆಂಬ ಪ್ರಶ್ನೆ ಎದುರಾದಾಗ ಗೆಳೆಯರ ಮಾತಿಗೋ ತರಬೇತಿ ಕೇಂದ್ರಗಳ ಜಾಹೀರಾತಿಗೋ ಓಗೊಟ್ಟು ಹಣವನ್ನೂ ಸಮಯವನ್ನೂ ಕಳೆದುಕೊಳ್ಳುವವರುಂಟು. ಪ್ರವೇಶ ಪರೀಕ್ಷೆ ಎಂಬುದು ಒಂದು ಬಾಗಿಲು. ಒಂದೊಂದು ಬಾಗಿಲು ಒಂದೊಂದು ಮನೆಗೆ ತೆರೆಯುತ್ತದೆ. ಸೇರಬೇಕಾದ ಮನೆಯನ್ನು ಮೊದಲು ನಿಶ್ಚಯಿಸಿಕೊಂಡು ಅನಂತರ ಬಾಗಿಲನ್ನು ಆರಿಸಿಕೊಳ್ಳುವುದು ವಿವೇಕ.

ದೇಶದಲ್ಲಿ ಹೆಚ್ಚು ಹೆಸರಾದ ಪರೀಕ್ಷೆ ಕ್ಯಾಟ್. ಇದನ್ನು ಐಐಎಂ ಸಂಸ್ಥೆಗಳು ಸರದಿಯಂತೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಅಂತ್ಯದಲ್ಲಿ ನಡೆಸುತ್ತವೆ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಐಐಎಂ ಕೂಡ ಇದರ ಅಂಕಗಳನ್ನೇ ಪರಿಗಣಿಸುತ್ತದೆ. ಇಂಗ್ಲಿಷ್ ಓದು, ದತ್ತಾಂಶ ವಿಶ್ಲೇಷಣೆ ಮತ್ತು ತರ್ಕ, ಗಣಿತ ಎಂಬ ಮೂರು ವಿಭಾಗಗಳಿಗೆ ತಲಾ 40 ನಿಮಿಷಗಳ ಅವಧಿಯಿದೆ. ಸರಿಯುತ್ತರಕ್ಕೆ 3 ಅಂಕ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪುತ್ತರ ಬರೆದರೆ 1 ಅಂಕ ಕಡಿತ. ಫಲಿತಾಂಶವು ಪರ್ಸೆಂಟೈಲ್ ರೂಪದಲ್ಲಿರುತ್ತದೆ. ಅದನ್ನು ಶೇಕಡಾವಾರು ಅಂಕವೆಂದು ತಿಳಿಯಬಾರದು. 90 ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ ಸುಮಾರು 90 ಜನರಿಗಿಂತ ಮುಂದಿರುವುದು ಎಂದರ್ಥ. ಐಐಎಂಗಳು ಈ ಅಂಕದ ಜೊತೆಗೆ ಶಾಲಾ ಕಾಲೇಜಿನ ಹಿಂದಿನ ಅಂಕಗಳನ್ನೂ ಸಂದರ್ಶನವನ್ನೂ ಪರಿಗಣಿಸುತ್ತವೆ.

ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಸಂಸ್ಥೆಯು ಜನವರಿಯಲ್ಲಿ ನಡೆಸುವ ಕ್ಸ್ಯಾಟ್ ಪರೀಕ್ಷೆಯಲ್ಲಿ ನಿರ್ಣಯ ಕೈಗೊಳ್ಳುವ ಸಾಮರ್ಥ್ಯವನ್ನು ಅಳೆಯುವ ಪ್ರತ್ಯೇಕ ವಿಭಾಗವೇ ಇದೆ. ವಿದೇಶದ ಕಾಲೇಜುಗಳನ್ನು ಬಯಸುವವರು ಜಿಮ್ಯಾಟ್ ಬರೆಯುತ್ತಾರೆ. ಅದರ ಅವಧಿ 2 ಗಂಟೆ 15 ನಿಮಿಷ. ಅಂಕ 5 ವರ್ಷ ಮಾನ್ಯ. ಕೆಲವು ವರ್ಷ ದುಡಿದು ಅನಂತರ ಓದುವ ಯೋಜನೆಯುಳ್ಳವರಿಗೆ ಇದು ಅನುಕೂಲ.

ನಮ್ಮ ನಾಡಿನ ಗ್ರಾಮೀಣ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ. 100 ಪ್ರಶ್ನೆ, 100 ಅಂಕ, 2 ಗಂಟೆ ಕಾಲಾವಕಾಶ. ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಂಗ್ಲಿಷ್, ತರ್ಕ, ಗಣಿತದ ಜೊತೆಗೆ ಸಾಮಾನ್ಯ ಜ್ಞಾನವೂ ಇರುವುದರಿಂದ ದಿನಪತ್ರಿಕೆ ಓದುವ ಅಭ್ಯಾಸವುಳ್ಳವರಿಗೆ ಇದು ಸಹಾಯಕ. ರ‍್ಯಾಂಕ್ ಪಡೆದವರಿಗೆ ರಾಜ್ಯದ ಕಾಲೇಜುಗಳ ಸರ್ಕಾರಿ ಕೋಟಾದ ಸೀಟುಗಳು ನಿಗದಿತ ಶುಲ್ಕದಲ್ಲಿ ದೊರೆಯುತ್ತವೆ. ಸಾಲ ಮಾಡಿ ಓದಿಸುವ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಯ ಸೀಟುಗಳಿಗೆ ಕೆಮ್ಯಾಟ್, ಮ್ಯಾಟ್ ಮುಂತಾದ ಪರೀಕ್ಷೆಗಳೂ ಇವೆ. ಅಲ್ಲಿ ಶುಲ್ಕವನ್ನು ಮೊದಲೇ ವಿಚಾರಿಸುವುದು ಲೇಸು.

ಮೀಸಲಾತಿಯ ವಿಷಯದಲ್ಲಿ ಪಾಲಕರು ಮೋಸಹೋಗಬಾರದು. 3ಎ, 3ಬಿ ಮುಂತಾದ ಪ್ರವರ್ಗಗಳು ರಾಜ್ಯ ಸರ್ಕಾರದವು. ಅವುಗಳ ಪ್ರಮಾಣಪತ್ರ ಪಿಜಿಸಿಇಟಿಯ ಸೀಟು ಹಂಚಿಕೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಐಐಎಂಗಳು ಅನುಸರಿಸುವುದು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯನ್ನು. ಎರಡೂ ಪಟ್ಟಿಗಳು ಒಂದೇ ಅಲ್ಲ. ತಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡ ಬಳಿಕವೇ ಅರ್ಜಿ ತುಂಬಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳನ್ನು ಪರೀಕ್ಷೆಗೆ ಮುಂಚೆಯೇ ಸಿದ್ಧಪಡಿಸಿಕೊಳ್ಳಬೇಕು. ಉತ್ತಮ ರ‍್ಯಾಂಕ್ ಬಂದರೂ ಕಾಗದವಿಲ್ಲದೆ ಸೀಟು ಕೈತಪ್ಪಿದರೆ ವರ್ಷದ ಶ್ರಮ ವ್ಯರ್ಥವಾಗುತ್ತದೆ.

ಹೀಗೆ ತೂಗಿ ನೋಡಿದರೆ ಎಲ್ಲ ಪರೀಕ್ಷೆಗಳನ್ನೂ ಬರೆಯುವ ಅಗತ್ಯ ಯಾರಿಗೂ ಇಲ್ಲ. ಶಕ್ತಿಯುಳ್ಳವರು ಕ್ಯಾಟ್‌ಗೆ ಸಿದ್ಧತೆ ನಡೆಸಲಿ. ಗಣಿತ, ತರ್ಕ, ಇಂಗ್ಲಿಷ್‌ಗಾಗಿ ಮಾಡಿದ ಆ ಅಭ್ಯಾಸ ಪಿಜಿಸಿಇಟಿಗೂ ಒದಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಅಂಜಬೇಕಾಗಿಲ್ಲ. ಪ್ರತಿದಿನ ಒಂದು ಇಂಗ್ಲಿಷ್ ಲೇಖನವನ್ನು ಅರ್ಥ ಮಾಡಿಕೊಂಡು ಓದುವ ಕಾಯಕವನ್ನು ಪದವಿಯ ಮೊದಲ ವರ್ಷದಿಂದಲೇ ಆರಂಭಿಸಿದರೆ ಭಾಷೆಯ ತೊಡಕು ತಾನಾಗಿಯೇ ಸಡಿಲಗೊಳ್ಳುತ್ತದೆ. ಪಾಲಕರೂ ಮಕ್ಕಳೊಡನೆ ಕುಳಿತು, ಕಾಲೇಜು, ಶುಲ್ಕ, ಪರೀಕ್ಷೆ ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನಿರ್ಧರಿಸಲಿ.