ಗ್ರಾಮಫೋನ್ ಪ್ಲೇಟಿಗೆ ಹೊಸ ಜೀವ

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದವರು 1973ರಲ್ಲಿ ಹೊರತಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 2003ರಲ್ಲಿ ಹೊಸ ಬಗೆಯ ಡಿಸ್ಕಿನಲ್ಲಿ ಬಂದಿತು. ಕೇಳುವವನ ಸುತ್ತ ಐದು ಸ್ಪೀಕರು, ಮಂದ್ರ ಧ್ವನಿಗೆಂದು ಇನ್ನೊಂದು! ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಗಾಯನ, ಗಿಟಾರು, ಡ್ರಮ್ಮುಗಳನ್ನು ಆಗಲೇ 16 ಜಾಡುಗಳ ಟೇಪಿನಲ್ಲಿ ಬೇರೆಬೇರೆಯಾಗಿ ಹಿಡಿದಿದ್ದರು. ಟೇಪನ್ನು ಜೋಪಾನವಾಗಿ ಇಟ್ಟಿದ್ದರು.

ನಮ್ಮ ಗಂಗೂಬಾಯಿ ಹಾನಗಲ್ಲರ ಹಳೆಯ ಪ್ಲೇಟುಗಳಿಗೂ ಹೀಗೆ ಮಾಡಬಹುದೆ? 1930ರ ದಶಕದಲ್ಲಿ ಎಚ್.ಎಂ.ವಿ.ಯವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಡಿಸಿದ ಪ್ಲೇಟುಗಳಲ್ಲಿ ಗಾಯನ, ತಬಲಾ ಎಲ್ಲವೂ ಒಂದೇ ಗೀರಿನಲ್ಲಿ ಬೆರೆತಿವೆ. ಮಗ್ಗುಲೊಂದಕ್ಕೆ ಸುಮಾರು ಮೂರು ನಿಮಿಷ. ಹಾಲುನೀರನ್ನು ಬೇರ್ಪಡಿಸುವ ಹಂಸದಂತೆ ಇಂದಿನ ಕಂಪ್ಯೂಟರು ಇವನ್ನು ತಕ್ಕಮಟ್ಟಿಗೆ ಬಿಡಿಸೀತು. ಆದರೆ ಗೀರಿನಲ್ಲಿ ಇಲ್ಲದ್ದನ್ನು ತಂದುಕೊಡಲಾರದು.

ಆದುದರಿಂದ ಇಲ್ಲಿ ಬೇಕಾದದ್ದು ಆರು ಸ್ಪೀಕರುಗಳಲ್ಲ, ತಾಳ್ಮೆ. ಪ್ಲೇಟನ್ನು ತೊಳೆಯಬೇಕು, ತಕ್ಕ ಮುಳ್ಳನ್ನು ಹಾಕಬೇಕು, ತಿರುಗುವ ವೇಗವನ್ನು ಸರಿಪಡಿಸಬೇಕು; ವೇಗ ತಪ್ಪಿದರೆ ಶ್ರುತಿಯೇ ತಪ್ಪುತ್ತದೆ. ಚಟಪಟ ಸದ್ದನ್ನು ಹಿತಮಿತವಾಗಿ ಕಳೆಯಬೇಕು. ಅತಿಯಾಗಿ ತಿಕ್ಕಿದರೆ ಹಾಡುವವರ ಉಸಿರೂ ಅದರೊಡನೆ ಹೋಗುತ್ತದೆ.

ಇಷ್ಟೆಲ್ಲ ಶ್ರಮವೇಕೆಂದು ಕೇಳಬಹುದು. ಗಂಟಲಿನ ಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಕಂಠ ಗಡಸಾಯಿತು. ನಾವೆಲ್ಲ ಬಲ್ಲ ಆ ಗಂಭೀರ ಕಂಠಕ್ಕೆ ಮುಂಚಿನ ತೆಳುದನಿ ಉಳಿದಿರುವುದು ಈ ಪ್ಲೇಟುಗಳಲ್ಲೇ.

ದಿಲ್ಲಿಯಲ್ಲಿ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಸಾಮಾನು ಸಾಗಿಸುವ ನಮಗೆ ಹಳೆಯದೆಲ್ಲ ಹೊರೆಯೇ ಸರಿ. ಆದರೂ ತಂದೆತಾತಂದಿರ ಪ್ಲೇಟುಗಳನ್ನು ಕಬಾಡಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಮೇಲಿನ ಚೀಟಿಯನ್ನು ಓದಿ ನೋಡೋಣ. ಯಂತ್ರಗಳು ಇನ್ನೂ ಸುಧಾರಿಸಿಯಾವು. ಕಳೆದುಹೋದ ಪ್ಲೇಟನ್ನು ಮಾತ್ರ ಯಾವ ಯಂತ್ರವೂ ಹಾಡಿಸಲಾರದು.